ಮುದ್ದೆ ನನ್ನ ಮನೆಯಲ್ಲಿದ್ದ 11 ದಿನ

ನಾನು ಒಂದು ನಾಯಿಯನ್ನು ದತ್ತು ತಂದು, ವಾಪಸ್ ಕೊಟ್ಟು ಬಂದವಳು. ಇದನ್ನು ಮೊದಲೇ ಹೇಳಿಬಿಡ್ತೀನಿ. ಭಾನುವಾರ ಶೆಲ್ಟರ್‌ಗೆ ಹೋಗೋ ವಿಷಯ ಈ ಅಂಕಣದಲ್ಲಿ ಅಲ್ಲಲ್ಲಿ ಬಂದಿದೆ. ಅದನ್ನು ಓದಿ "ನಿಮ್ಮದು ಎಷ್ಟು ದೊಡ್ಡ ಮನಸ್ಸು" ಅಂತ ಕೆಲವರು ಮೆಸೇಜ್ ಮಾಡಿದ್ದೀರಿ. ದೊಡ್ಡ ಮನಸ್ಸೂ ಇಲ್ಲ, ಏನೂ ಇಲ್ಲ. ಮಾಡಿದ ಕೆಲಸಕ್ಕೆ ರಾತ್ರಿ ನಿದ್ದೆ ಬರದೆ ಹೋಗಲು ಶುರು ಮಾಡಿದ್ದು.

ನಾಯಿ ಸಾಕುವ ಆಸೆ ಹುಟ್ಟಿದ್ದು 2022ರಲ್ಲಿ, '777 ಚಾರ್ಲಿ' ನೋಡಿ ಥಿಯೇಟರಿನಲ್ಲಿ ಗೊಳೋ ಅಂತ ಅತ್ತ ಮೇಲೆ. ಆಗ ಅತ್ತವರು ನಾನೊಬ್ಬಳೇ ಅಲ್ಲ, ಮುಖ್ಯಮಂತ್ರಿಗಳೇ ಕಣ್ಣೀರು ಹಾಕಿದ್ದು ಸುದ್ದಿಯಾಗಿತ್ತು. ಲ್ಯಾಬ್ರಡಾರೇ ಬೇಕು ಅಂದುಕೊಂಡಿದ್ದೆ. ನಾಯಿಗೆ ಒಪ್ಪುವ ಬಾಡಿಗೆ ಮನೆ ಸಿಗುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಸ್ವಲ್ಪ ಬುದ್ಧಿಯೂ ಬಂದಿತ್ತು. ದುಡ್ಡು ಕೊಟ್ಟು ತರೋದು ಬೇಡ, ಶೆಲ್ಟರ್‌ನಿಂದ ನಮ್ಮ ಬೀದಿ ತಳಿಯದ್ದೇ ತರೋಣ ಅಂತ ಹೋದೆ. ಕನಕಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಸಣ್ಣ ಶೆಲ್ಟರ್. ಅಲ್ಲಿ ಎಲ್ಲ ನಾಯಿಗಳೂ ಗೇಟಿಗೆ ಹಾರಿ ಬೊಗಳುತ್ತಿದ್ದರೆ ಒಂದು ಮಾತ್ರ ಹಿಂದೆ ಮೂಲೆಯಲ್ಲಿ ಮಲಗಿತ್ತು. ರಾಗಿ ಮುದ್ದೆ ಬಣ್ಣ, ಕಿವಿಯ ತುದಿ ಕತ್ತರಿಸಿದ ಗುರುತು, ಅಂದಾಜು ಎರಡು ವರ್ಷ. ಹೆಸರೂ ಮುದ್ದೆ. "ಎಷ್ಟು ಸಾಧು, ಇದೇ ಇರಲಿ" ಅಂದೆ. ನನ್ನ ಮೊದಲ ತಪ್ಪು ಅದು.

ಮೊದಲ ನಾಲ್ಕು ದಿನ ಮನೆಯಲ್ಲಿ ನಾಯಿ ಇದೆ ಅಂತಲೇ ಗೊತ್ತಾಗಲಿಲ್ಲ. ಬೊಗಳಲಿಲ್ಲ, ಕುಣಿಯಲಿಲ್ಲ. ಬಾಲ್ಕನಿ ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು ಮಲಗಿರುತ್ತಿದ್ದ. ಮೊದಲ ದಿನವಂತೂ ಸುಮಾರು 20 ಗಂಟೆ ಉಚ್ಚೆ ಕೂಡ ಮಾಡಲಿಲ್ಲ. "ಎಷ್ಟು ಒಳ್ಳೆ ಟ್ರೈನಿಂಗ್ ಆಗಿದೆ!" ಅಂತ ನಾನು ಹಿಗ್ಗಿದೆ. ಮೂರನೇ ದಿನ ಫ್ರೆಂಡ್ಸ್ ಆರು ಜನ ನೋಡೋಕೆ ಬಂದರು, ಕೇಕ್ ಕತ್ತರಿಸಿದೆವು, ಒಬ್ಬೊಬ್ಬರೂ ಅವನನ್ನು ತಬ್ಬಿಕೊಂಡು ರೀಲ್ಸ್ ಮಾಡಿದರು. ನಾನು ಹಾಕಿದ ವಿಡಿಯೋಗೆ ಕ್ಯಾಪ್ಷನ್: "ಕೊನೆಗೂ ಮನೆ ಸಿಕ್ಕ ಖುಷಿ."

ಆರನೇ ದಿನ ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಮುಂಬಾಗಿಲ ಚೌಕಟ್ಟು ಅರ್ಧ ಕಿತ್ತುಹೋಗಿತ್ತು. ಅವನ ಒಸಡಿನಲ್ಲಿ ರಕ್ತ. ನನ್ನನ್ನು ನೋಡಿದ ಕೂಡಲೇ ಕಿವಿ ಹಿಂದಕ್ಕೆ ಮಾಡಿ, ತಲೆ ತಗ್ಗಿಸಿ, ಕಣ್ಣು ತಪ್ಪಿಸಿದ. "ನೋಡು, ತಪ್ಪು ಮಾಡಿದ್ದು ಅವನಿಗೇ ಗೊತ್ತು" ಅಂದುಕೊಂಡು ಜೋರಾಗಿಯೇ ಬೈದೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ "ಮೂರನೇ ಫ್ಲೋರ್ ನಾಯಿ ಇಡೀ ದಿನ ಊಳಿಟ್ಟಿದೆ" ಅಂತ ಆಗಲೇ 14 ಮೆಸೇಜ್. ಓನರ್ ಫೋನ್ ಬೇರೆ.

ಎಂಟನೇ ದಿನ ಊಟದ ತಟ್ಟೆ ಸರಿಸಲು ಹೋದಾಗ ಗುರ್ ಅಂದ. ಅದಕ್ಕೂ ಗದರಿದೆ. ಮರುದಿನ ಗುರ್ ಅನ್ನಲಿಲ್ಲ, "ಕಲಿತುಕೊಂಡ" ಅಂದುಕೊಂಡೆ. ಹತ್ತನೇ ದಿನ ಹಾಸನದಿಂದ ಅಮ್ಮ ಬಂದರು. ಬಂದವರೇ ಅಭ್ಯಾಸದಂತೆ ಪೊರಕೆ ಹಿಡಿದರು. ಡೈನಿಂಗ್ ಟೇಬಲ್ ಕೆಳಗೆ ಅವನು ಮಲಗಿದ್ದ. ಅಮ್ಮ ಬಗ್ಗಿ ಪೊರಕೆಯನ್ನು ಅಲ್ಲಿಗೇ ತೂರಿಸಿದರು. ಒಂದೇ ಕ್ಷಣ, ಸದ್ದೇ ಇಲ್ಲ. ಅಮ್ಮನ ಮಣಿಕಟ್ಟಿನ ಮೇಲೆ ಎರಡು ಕೆಂಪು ಗೀರು, ಒಂದರಲ್ಲಿ ರಕ್ತ ಜಿನುಗುತ್ತಿತ್ತು.

ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದೆ. ಇದು ಮಾತ್ರ ನನಗೆ ಗೊತ್ತಿತ್ತು, ನಿಮಗೂ ಗೊತ್ತಿರಲಿ. ನಾಯಿಗೆ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ಬಂದಿದ್ದರಿಂದ ರೇಬೀಸ್ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಕೂಡ ಕೊಟ್ಟರು. ಅಮ್ಮ ಅಲ್ಲಿ ಕೂತು ಹೇಳಿದ್ದು ಇಷ್ಟು: "ಅದನ್ನ ಹೊಡೀಬೇಡ ಕಣೇ. ನನ್ನ ಕೈಲಿ ಪೊರಕೆ ಇತ್ತಲ್ಲ, ಯಾರು ಯಾವಾಗ ಅದರಲ್ಲೇ ಬಾರಿಸಿದ್ರೋ ಏನೋ."

ನಾನು ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ಕ್ಯಾಬ್ ಮಾಡಿಕೊಂಡು ವಾಪಸ್ ಬಿಟ್ಟು ಬಂದೆ. ಶೆಲ್ಟರ್‌ನಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಅಕ್ಕ ಒಂದು ಮಾತೂ ಆಡದೆ ಬೆಲ್ಟ್ ಇಸ್ಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಮುದ್ದೆ ತಿರುಗಿ ನೋಡಲಿಲ್ಲ, ಸೀದಾ ಹಳೇ ಮೂಲೆಗೆ ಹೋಗಿ ಮಲಗಿದ.

ಅದಾಗಿ ಎರಡು ವಾರಕ್ಕೆ ನಾನೇ ಹೋಗಿ "ಭಾನುವಾರ ಬರಲಾ?" ಅಂತ ಕೇಳಿದೆ. ಅಕ್ಕ ಪೊರಕೆ ಕೊಟ್ಟು "ಬಾ" ಅಂದರು. ಪೊರಕೆಯೇ ಕೊಡಬೇಕಾ ಅನ್ನಿಸಿತು. ಮೊದಲ ತಿಂಗಳು ಕಕ್ಕ ಬಳಿಯೋದು, ನೀರಿನ ಬಕೆಟ್ ತೊಳೆಯೋದು ಇಷ್ಟೇ. ಒಂದು ದಿನ ಟೀ ಕುಡಿಯುತ್ತಾ ಕೂತಾಗ ಧೈರ್ಯ ಮಾಡಿ ಹಳೇ ವಿಡಿಯೋ ತೆಗೆದು ತೋರಿಸಿದೆ. "ನೋಡಿ ಅಕ್ಕ, ಮೂರನೇ ದಿನ ಎಷ್ಟು ಚೆನ್ನಾಗಿದ್ದ. ಆಮೇಲೇ ಏನೋ ಆಯ್ತು."

ಅಕ್ಕ ಫೋನ್ ಇಸ್ಕೊಂಡು ನೋಡಿದರು. ಇನ್ನೊಮ್ಮೆ ಹಾಕು ಅಂದರು. "ಯೋಳ್ತೀನಿ ನೋಡು" ಅಂತ ಬೆರಳಿಟ್ಟು ತೋರಿಸುತ್ತಾ ಹೋದರು. "ಇಲ್ಲಿ ಮೂತಿ ನೆಕ್ಕೊಂಡ, ಊಟ ಎಲ್ಲೈತೆ ನೆಕ್ಕೊಳಕ್ಕೆ? ಇಲ್ಲಿ ಆಕಳಿಸ್ದ, ನಿದ್ದೆ ಬಂದಿಲ್ಲ ಅದ್ಕೆ. ಆ ಹುಡ್ಗ ತಬ್ಕೊಂಡಾಗ ಮಖ ಆಕಡೆ ತಿರುಗಿಸ್ದ. ಕಣ್ಣಿನ ಬಿಳೀದು ಕಾಣ್ತಾ ಅದೆ ನೋಡು. ಬಾಲ ಎಲ್ಲೈತೆ? ಹೊಟ್ಟೆ ಕೆಳಗೆ. ಪಾಪ, ಬುಡಿ ನನ್ನ ಬುಡಿ ಅಂತ ಆರು ಸತಿ ಕೇಳವ್ನೆ ಕಣವ್ವ."

30 ಸೆಕೆಂಡಿನ ವಿಡಿಯೋ. ನೂರು ಸಲ ನೋಡಿದ್ದೆ, ಲೈಕ್ ಎಣಿಸಿದ್ದೆ. ಅದರಲ್ಲಿ ಇದೊಂದೂ ನನಗೆ ಕಂಡಿರಲಿಲ್ಲ.

ಅಕ್ಕ ಏಳನೇ ಕ್ಲಾಸ್ ಓದಿದವರು. ಅವರು ಹೇಳಿದ್ದನ್ನೇ ನಾರ್ವೆಯ ಟ್ಯೂರಿಡ್ ರೂಗಸ್ ಎಂಬ ನಾಯಿ ತರಬೇತುದಾರರು ವರ್ಷಗಟ್ಟಲೆ ಗಮನಿಸಿ ಪುಸ್ತಕ ಮಾಡಿದ್ದಾರೆ ಅಂತ ಆಮೇಲೆ ತಿಳಿಯಿತು. ತುಟಿ ನೆಕ್ಕುವುದು, ಆಕಳಿಸುವುದು, ಮುಖ ತಿರುಗಿಸುವುದು, ನೆಲ ಮೂಸುವ ನೆಪ ಮಾಡುವುದು, ಇದ್ದಲ್ಲೇ ಕಲ್ಲಾಗುವುದು. ಇವೆಲ್ಲ ನಾಯಿ ತನ್ನನ್ನೂ ಎದುರಿನವರನ್ನೂ ಸಮಾಧಾನ ಮಾಡಲು ಹೇಳುವ ಮಾತು. ಇದು ಯಾರಿಗೂ ಕೇಳಿಸದಿದ್ದರೆ ಗುರ್ ಅನ್ನುತ್ತೆ. ಅದೂ ನಡೆಯದಿದ್ದರೆ ಹಲ್ಲು. ನಾನು ಎಂಟನೇ ದಿನ ಗದರಿದ್ದು ಅವನ ಗುರ್ ಅನ್ನುವುದನ್ನು ನಿಲ್ಲಿಸಿತ್ತು, ಅದರ ಹಿಂದಿದ್ದ ಭಯವನ್ನಲ್ಲ. ಒಂದು ಮೆಟ್ಟಿಲನ್ನು ನಾನೇ ಕಿತ್ತು ಹಾಕಿದ್ದೆ. ಅದಕ್ಕೇ ಅಮ್ಮನ ಕೈಗೆ ಎಚ್ಚರಿಕೆ ಸಿಗಲಿಲ್ಲ.

ಚೌಕಟ್ಟು ಕಿತ್ತ ದಿನದ ಆ 'ತಪ್ಪಿತಸ್ಥ ಮುಖ' ಇದೆಯಲ್ಲ, ಅದನ್ನೂ ಯಾರೋ ಪರೀಕ್ಷೆ ಮಾಡಿದ್ದಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನ. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಅನ್ನೋದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಬೈದಾಗ ಮುಖ ಹಾಗಾಗುತ್ತಿತ್ತು, ತಪ್ಪೇ ಮಾಡದ ನಾಯಿಗೂ. ಮುದ್ದೆ ನೋಡುತ್ತಿದ್ದದ್ದು ಬಾಗಿಲನ್ನಲ್ಲ, ನನ್ನ ಮುಖವನ್ನು. ಬಾಗಿಲು, ಕಿಟಕಿಯಂಥ ಹೊರಹೋಗುವ ಜಾಗವನ್ನೇ ನಾಯಿ ಕಿತ್ತರೆ ಅದು ಹೆಚ್ಚಾಗಿ ಕೊಬ್ಬು ಅಲ್ಲ, ಒಂಟಿ ಬಿಟ್ಟಿದ್ದಕ್ಕೆ ಆದ ಗಾಬರಿ. ಐದು ದಿನ ವರ್ಕ್ ಫ್ರಂ ಹೋಮ್ ಮಾಡಿ, ಆರನೇ ದಿನ ಇದ್ದಕ್ಕಿದ್ದಂತೆ ಹತ್ತು ಗಂಟೆ ಮಾಯವಾದರೆ ಅವನಾದರೂ ಏನು ತಿಳ್ಕೋಬೇಕು?

ಇನ್ನೊಂದು ವಿಷಯ ಅರ್ಥವಾಗಲು ತುಂಬ ದಿನ ಹಿಡಿಯಿತು. ಭಯ ಒಂದೊಂದಾಗಿ ಬಂದು ಹೋಗಲ್ಲ, ಸೇರುತ್ತಾ ಹೋಗುತ್ತೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಒಂದು ಗಂಟೆ ನಿಂತು, ಮ್ಯಾನೇಜರ್ ಹತ್ರ ಬೈಸ್ಕೊಂಡು, ಮನೆಗೆ ಬಂದು ಮಿಕ್ಸಿ ಮುಚ್ಚಳ ಕೂತಿಲ್ಲ ಅಂತ ಕಿರುಚಾಡ್ತೀವಲ್ಲ, ಹಾಗೆ. ಮುದ್ದೆಗೆ ಹೊಸ ಮನೆ, ಲಿಫ್ಟು, ಕುಕ್ಕರ್ ವಿಷಲ್, ಆರು ಜನರ ಅಪ್ಪುಗೆ, ನಾನಿಲ್ಲದ ಹಗಲು, ಬೈಗುಳ, ಕೊನೆಗೆ ಪೊರಕೆ. "ಇದ್ದಕ್ಕಿದ್ದಂತೆ ಕಚ್ಚಿತು" ಅಂತ ಆಸ್ಪತ್ರೆಯಲ್ಲಿ ಬರೆಸಿದ್ದೆ. ಹತ್ತು ದಿನದಿಂದ ಬರುತ್ತಿದ್ದ ಕಡಿತ ಅದು.

ಶೆಲ್ಟರ್ ಅಂದರೆ ನಮಗೆ ಎರಡೇ ಚಿತ್ರ. ಒಂದೋ ಜೈಲು, ಇಲ್ಲವೋ ಪುಣ್ಯಕ್ಷೇತ್ರ. ಎರಡೂ ಅಲ್ಲ. ಊಟ ಇದೆ, ಔಷಧಿ ಇದೆ, ಪ್ರೀತಿಯಿಂದ ನೋಡುವ ಮೂರು ಮತ್ತೊಂದು ಜನ ಇದ್ದಾರೆ. ಇಲ್ಲದಿರೋದು ಆಯ್ಕೆ. ಬೀದಿಯ ನಾಯಿ ಬಡವನೇ ಇರಬಹುದು, ಆದರೆ ದಿನವಿಡೀ ತೀರ್ಮಾನ ಮಾಡುತ್ತಿರುತ್ತೆ. ಬೇಕರಿ ಮುಂದೆ ಮಲಗಲೋ, ಆಟೋ ಕೆಳಗೋ, ಈ ಮನುಷ್ಯನ ಹತ್ತಿರ ಹೋಗಲೋ ಬೇಡವೋ ಅಂತ. ಶೆಲ್ಟರ್‌ನಲ್ಲಿ ಎಲ್ಲವನ್ನೂ ಬೇರೆಯವರು ತೀರ್ಮಾನ ಮಾಡುತ್ತಾರೆ, ಅದೂ ನೂರು ನಾಯಿಗಳ ಬೊಗಳಾಟದ ನಡುವೆ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿ, ಹನ್ನೊಂದು ದಿನಕ್ಕೆ ಆ ಆದೇಶವನ್ನು ಬದಲಿಸಿತು. ರೇಬೀಸ್ ಇರುವ ಅಥವಾ ಆಕ್ರಮಣ ಮಾಡುವ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ, ಲಸಿಕೆ ಮಾಡಿ ಹಿಡಿದಲ್ಲೇ ಬಿಡಿ ಅಂದಿತು. ಆಗ ಆಫೀಸಿನ ಕ್ಯಾಂಟೀನಿನಲ್ಲಿ ದೊಡ್ಡ ಚರ್ಚೆ. ಮಕ್ಕಳನ್ನು ನಾಯಿ ಕಚ್ಚಿದ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತೆ, ನನ್ನ ಅಮ್ಮನ ಕೈಯನ್ನೂ ನೋಡಿದ್ದೀನಿ. ಆದರೆ "ಶೆಲ್ಟರ್‌ಗೆ ಹಾಕಿದ್ರೆ ಮುಗೀತಲ್ಲ" ಅನ್ನುವವರು ಒಂದು ಭಾನುವಾರ ಅಲ್ಲಿ ಬಂದು ಕೂತು ನೋಡಬೇಕು. ಏನೂ ಮುಗಿಯಲ್ಲ.

ಅಮೆರಿಕದಲ್ಲಿ ಲೀಸಾ ಗಂಟರ್ ಮತ್ತು ಜೊತೆಯವರು ಐದು ಶೆಲ್ಟರ್‌ಗಳ ನಾಯಿಗಳನ್ನು ಒಂದೆರಡು ರಾತ್ರಿ ಯಾರದೋ ಮನೆಯಲ್ಲಿ ಮಲಗಿಸಿ ನೋಡಿದ್ದರು. 2019ರಲ್ಲಿ ಅದು ಪ್ರಕಟವಾಯಿತು. ಮನೆಯಲ್ಲಿದ್ದಾಗ ಅವುಗಳ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಇಳಿಯಿತು. ವಾಪಸ್ ಬಂದ ಮೇಲೆ ಮೊದಲಿದ್ದ ಮಟ್ಟಕ್ಕೇ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಉಸಿರು ಬಂತು. ಒಂದೆರಡು ರಾತ್ರಿಯ ವಾಸದಿಂದ ನಾಯಿಗೆ ಕೆಡುಕಿಲ್ಲ, ಚೂರು ವಿಶ್ರಾಂತಿಯೇ ಸಿಗುತ್ತೆ. ನೀವು ದತ್ತು ತಗೊಳ್ಳಲು ಆಗದ ಸ್ಥಿತಿಯಲ್ಲಿದ್ದರೆ ವೀಕೆಂಡ್ ಫಾಸ್ಟರ್ ಮಾಡಬಹುದಾ ಅಂತ ಹತ್ತಿರದ ಶೆಲ್ಟರ್‌ನಲ್ಲಿ ಕೇಳಿ ನೋಡಿ. ನಾನು ಮಾಡಿದ್ದು ಅದಲ್ಲ ಬಿಡಿ, ನಾನು ಮನೆ ಅಂತ ಹೇಳಿ ಕರ್ಕೊಂಡು ಹೋಗಿದ್ದು.

ನಮ್ಮ ಬೀದಿ ನಾಯಿಗಳ ಬಗ್ಗೆಯೇ ಕೆಲಸ ಮಾಡಿದವರು ಕೋಲ್ಕತ್ತಾ ಐಸರ್‌ನ ಅನಿಂದಿತಾ ಭದ್ರ ಅವರ ತಂಡ. ಗುರುತಿಲ್ಲದ ಮನುಷ್ಯರು ಕೆಲವು ನಾಯಿಗಳಿಗೆ ತಿಂಡಿ ಕೊಟ್ಟರು, ಕೆಲವಕ್ಕೆ ತಲೆ ಸವರಿದರು. ಪದೇ ಪದೇ ಭೇಟಿಯಾದ ಮೇಲೆ ನಂಬಿಕೆ ಹೆಚ್ಚು ಬೆಳೆದದ್ದು ತಲೆ ಸವರಿದವರ ಮೇಲೆ. 2017ರ ಈ ಅಧ್ಯಯನವನ್ನು ಅಕ್ಕನಿಗೆ ಹೇಳಿದೆ. "ಬಿಸ್ಕತ್ತು ಎಲ್ರೂ ಆಕ್ತಾರೆ" ಅಂದು ಎದ್ದು ಹೋದರು. ಒಂದು ಎಚ್ಚರಿಕೆ ನನ್ನದು. ಸವರೋದು ಅಂದರೆ ಮೇಲಿನಿಂದ ನೆತ್ತಿಗೆ ಕೈ ಹಾಕೋದಲ್ಲ. ಪಕ್ಕಕ್ಕೆ ತಿರುಗಿ ಕೂತು, ಕೈ ಕೆಳಗಿಟ್ಟು, ಅದೇ ಬಂದರೆ ಎದೆಯ ಹತ್ತಿರ ಮೂರು ಸಲ ಕೆರೆದು ನಿಲ್ಲಿಸಬೇಕು. ನಿಲ್ಲಿಸಿದಾಗ ಇನ್ನೂ ಹತ್ತಿರ ಒರಗಿದರೆ ಬೇಕು ಅಂತ. ಸುಮ್ಮನಿದ್ದರೆ ಸಾಕು ಅಂತ.

ಬೆಕ್ಕುಗಳ ಕೋಣೆ ಬೇರೆಯದೇ ಲೋಕ. ಅಲ್ಲಿ ಸದ್ದೇ ಇಲ್ಲ, ಹಾಗಾಗಿ ಸಂಕಟವೂ ಕಾಣಲ್ಲ. ಬೂದಿ ಅಂತ ಒಂದು ಹೆಣ್ಣು ಬೆಕ್ಕಿತ್ತು, ಬೂದು ಬಣ್ಣದ್ದು. ಆರು ವರ್ಷ ಒಂದೇ ಮನೆಯಲ್ಲಿದ್ದು, ಮನೆಯವರು ವಿದೇಶಕ್ಕೆ ಹೋಗುವಾಗ ಬಿಟ್ಟು ಹೋದದ್ದು. ಬಂದ ದಿನದಿಂದ ಮಣ್ಣಿನ ಟ್ರೇಯೊಳಗೇ ಮುದುರಿ ಕೂತಿತ್ತು. ನೋಡುವವರಿಗೆ "ಅಯ್ಯೋ ಕೊಳಕು ಬೆಕ್ಕು." ಆ ಕೋಣೆಯಲ್ಲಿ ಮೂರು ಗೋಡೆ ಇದ್ದ ಜಾಗ ಅದೊಂದೇ ಆಗಿತ್ತು, ಅಷ್ಟೇ. ಎರಡನೇ ದಿನವೂ ಅನ್ನ ಮುಟ್ಟದಿದ್ದಾಗ ಡಾಕ್ಟರ್ ಗಾಬರಿಯಾದರು. ನಾಯಿ ಎರಡು ದಿನ ಉಪವಾಸ ಇದ್ದರೆ ತಡೆಯಬಹುದು. ಬೆಕ್ಕು ಪೂರ್ತಿ ತಿನ್ನೋದು ಬಿಟ್ಟರೆ ಕೆಲವೇ ದಿನದಲ್ಲಿ ಲಿವರಿಗೆ ಕೊಬ್ಬು ಸೇರಿ ಜೀವಕ್ಕೇ ಬರುತ್ತೆ. ಬೇಸರದಿಂದ ಬೆಕ್ಕು ಸಾಯುತ್ತಾ ಅಂತ ಯಾರಾದರೂ ಕೇಳಿದರೆ, ಹೀಗೆ ಸಾಯಬಹುದು.

ಅವತ್ತು ಅಕ್ಕ ಮಾಡಿದ್ದು ಸರಳ. ಆನ್‌ಲೈನ್ ಪಾರ್ಸೆಲ್‌ನ ರಟ್ಟಿನ ಡಬ್ಬಕ್ಕೆ ಬೆಕ್ಕು ತೂರುವಷ್ಟು ತೂತು ಮಾಡಿ, ಹಳೇ ಟವೆಲ್ ಹಾಸಿ ಎತ್ತರದ ಕಟ್ಟೆ ಮೇಲಿಟ್ಟರು. ಬೂದಿ ರಾತ್ರಿ ಯಾವಾಗಲೋ ಅದರೊಳಗೆ ಹೋಗಿತ್ತು. ಬೆಳಿಗ್ಗೆ ಡಬ್ಬದ ಬಾಯಿಗಿಟ್ಟಿದ್ದ ಮೀನಿನಲ್ಲಿ ಅರ್ಧ ಖಾಲಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 2014ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. ಶೆಲ್ಟರ್‌ಗೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಡಬ್ಬ ಕೊಟ್ಟು, 9ಕ್ಕೆ ಕೊಡದೆ ಗಮನಿಸಿದರು. ಡಬ್ಬ ಸಿಕ್ಕ ಬೆಕ್ಕುಗಳ ಒತ್ತಡ ಮೂರನೇ, ನಾಲ್ಕನೇ ದಿನಕ್ಕೇ ಎದ್ದು ಕಾಣುವಂತೆ ಕಡಿಮೆ ಇತ್ತು. ಒಂದು ಖಾಲಿ ಡಬ್ಬ! ಅದಕ್ಕೇ ಈಗ ನನ್ನ ಪಾರ್ಸೆಲ್ ಡಬ್ಬಗಳು ಒಂದೂ ಕಸಕ್ಕೆ ಹೋಗಲ್ಲ.

ಆಮೇಲೆ ನಾಲ್ಕು ಭಾನುವಾರ ನನ್ನ ಕೆಲಸ ಬೂದಿಯ ಡಬ್ಬದ ಪಕ್ಕ ಬೆನ್ನು ತಿರುಗಿಸಿ ಕೂತು ಮೆಲ್ಲಗೆ ಏನಾದರೂ ಓದೋದು. ಬೇರೇನೂ ಇಲ್ಲದೆ ಆಫೀಸಿನ ಮೇಲ್ ಓದಿದೆ. ಕ್ಲೈಂಟ್ ಎಸ್ಕಲೇಷನ್ ಇಷ್ಟು ಶಾಂತವಾಗಿ ಯಾರೂ ಓದಿರಲಿಕ್ಕಿಲ್ಲ. ಮೂರನೇ ವಾರ ತಿರುಗಿ ನೋಡಿದಾಗ ಕತ್ತಲೊಳಗಿಂದ ಎರಡು ಕಣ್ಣು. ದಿಟ್ಟಿಸಿ ನೋಡಿದರೆ ಬೆಕ್ಕಿಗೆ ಜಗಳಕ್ಕೆ ಕರೆದ ಹಾಗೆ. ಕಣ್ಣನ್ನು ಅರ್ಧ ಮುಚ್ಚಿ, ನಿಧಾನ ಮುಚ್ಚಿ, ನಿಧಾನ ತೆರೆದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ, ಹೀಗೆ ಮಾಡಿದರೆ ಬೆಕ್ಕೂ ಕಣ್ಣು ಮಿಟುಕಿಸುತ್ತೆ, ಅಪರಿಚಿತರ ಹತ್ತಿರವೂ ಬರುವ ಸಂಭವ ಹೆಚ್ಚು ಅಂತ ಹೇಳಿದ್ದರು. ಬೂದಿ ಮಿಟುಕಿಸಲಿಲ್ಲ. ಎದ್ದು ಹಿಂದೆ ತಿರುಗಿ ಮಲಗಿತು. ನಾಲ್ಕನೇ ವಾರ ಮಿಟುಕಿಸಿತು. ನನ್ನ ಅಪ್ರೈಸಲ್‌ನಲ್ಲೂ ಅಷ್ಟು ಖುಷಿ ಆಗಿರಲಿಲ್ಲ.

ಜನ ಬಂದು ಬೆಕ್ಕು ಆರಿಸೋದು ನೋಡಿದರೆ ನನಗೀಗ ಹೊಟ್ಟೆ ಉರಿಯುತ್ತೆ. ಯಾವುದು ಕಾಲಿಗೆ ಸುತ್ತಿತೋ ಅದು 'ಫ್ರೆಂಡ್ಲಿ'. ಡಬ್ಬದೊಳಗಿರುವುದು 'ಆ್ಯಟಿಟ್ಯೂಡ್'. ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಕಲಿಯುವ ಮುಖ್ಯ ಕಾಲ ಎರಡರಿಂದ ಏಳನೇ ವಾರ. ಆಗ ಮನುಷ್ಯರ ಕೈ ತಾಗದೆ ಬೆಳೆದದ್ದು ದೊಡ್ಡದಾದ ಮೇಲೆ ನಮ್ಮ ಮಡಿಲಿಗೆ ಬರದೇ ಇರಬಹುದು. ಅದು ಸೊಕ್ಕಲ್ಲ. ಗುರುಗುರು ಅಂದರೆ ಖುಷಿ ಅಂತಲೂ ಪೂರ್ತಿ ನಂಬಬೇಡಿ, ನೋವಿದ್ದಾಗಲೂ ಬೆಕ್ಕು ಹಾಗೇ ಗುರುಗುಟ್ಟುತ್ತೆ.

ತರುವ ಯೋಚನೆ ಇರುವವರು ನನ್ನ ತಪ್ಪಿನಿಂದ ಕಲಿಯಬಹುದಾದ್ದು ಕೆಲವಿದೆ. ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಶೆಲ್ಟರ್‌ನವರು ಒಂದು ಅಂದಾಜು ಹೇಳುತ್ತಾರೆ. ಮೂರು ದಿನ ದಿಗ್ಭ್ರಮೆ, ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯೋದು, ಮೂರು ತಿಂಗಳಿಗೆ 'ಇದು ನನ್ನ ಮನೆ' ಅನ್ನಿಸೋದು. ವಿಜ್ಞಾನದ ಸೂತ್ರವಲ್ಲ, ಅನುಭವದ ಲೆಕ್ಕ. ಕೆಲವಕ್ಕೆ ವರ್ಷ ಬೇಕು. ನಾನು ಹನ್ನೊಂದನೇ ದಿನಕ್ಕೆ ಎದ್ದು ಹೋದವಳು, ಇಂಟರ್ವಲ್‌ಗೂ ಮುಂಚೆ. ಆ ಮೊದಲ ದಿನಗಳಲ್ಲಿ ನೆಂಟರು ಬೇಡ, ಸ್ನಾನ ಬೇಡ, ರೀಲ್ಸ್ ಖಂಡಿತ ಬೇಡ. ಒಂದು ಮೂಲೆ ಅದರದ್ದು ಅಂತ ಬಿಟ್ಟುಬಿಡಿ, ಅಲ್ಲಿಗೆ ಯಾರ ಕೈಯೂ ಹೋಗಬಾರದು, ಪೊರಕೆಯೂ. ನೀವು ಮನೆಯಲ್ಲಿರುವಾಗಲೇ ಎರಡು ನಿಮಿಷ ಬಾಗಿಲಾಚೆ ಹೋಗಿ ಬನ್ನಿ, ಆಮೇಲೆ ಐದು, ಆಮೇಲೆ ಹದಿನೈದು. ಆಫೀಸಿಗೆ ಕರೆದ ದಿನ ಶುರು ಮಾಡಬೇಡಿ. ದೀಪಾವಳಿಗೆ ವಾರ ಇರುವಾಗ ಹೊಸ ನಾಯಿ ತರಲೇಬೇಡಿ, ಪಟಾಕಿ ಸದ್ದಿಗೆ ಬೆದರಿ ಓಡಿಹೋದವುಗಳ ಫೋಟೋ ಪ್ರತಿ ವರ್ಷ ನಮ್ಮ ಫೋನ್ ತುಂಬಿರುತ್ತೆ. ಓನರ್ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಮೆಸೇಜಿನಲ್ಲಾದರೂ ಇರಲಿ.

ಕಚ್ಚಿದ್ದನ್ನು ಹಗುರವಾಗಿ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಮನೆಯಲ್ಲಿ ಕೂಸಿದ್ದರೆ, ವಯಸ್ಸಾದವರಿದ್ದರೆ, ನಿಮ್ಮ ಕೈಲಿ ಆಗಲ್ಲ ಅಂತಾದರೆ ವಾಪಸ್ ಕೊಡೋದು ಪಾಪವೇನಲ್ಲ. ಶೆಲ್ಟರ್‌ನವರೂ ರಸ್ತೆಯಲ್ಲಿ ಬಿಡುವ ಬದಲು ನಮಗೇ ತಂದುಕೊಡಿ ಅನ್ನುತ್ತಾರೆ. ನನ್ನ ಮನಸ್ಸಲ್ಲಿ ಉಳಿದಿರೋದು ಬೇರೆ. ಯಾರನ್ನೂ ಕೇಳದೆ, ಒಂದು ಫೋನೂ ಮಾಡದೆ ಕ್ಯಾಬ್ ಬುಕ್ ಮಾಡಿದೆನಲ್ಲ, ಅದು.

ಮುದ್ದೆ ಆಮೇಲೆ ಏಳು ತಿಂಗಳು ಅಲ್ಲೇ ಇದ್ದ. ಮೊದಲೆರಡು ತಿಂಗಳು ನಾನು ಕಂಡರೆ ಎದ್ದು ಆಚೆ ಮೂಲೆಗೆ ಹೋಗುತ್ತಿದ್ದ. ಅವನ ಹತ್ತಿರ ಹೋಗಬೇಡ, ಅವನಿರೋ ಕಡೆ ಇರು ಸಾಕು ಅಂದರು ಅಕ್ಕ. ಇದ್ದೆ. ಒಂದು ಭಾನುವಾರ ಬಂದು ನನಗೆ ಬೆನ್ನು ಹಾಕಿ, ಎರಡಡಿ ದೂರದಲ್ಲಿ ಕೂತ. ಮುನಿಸು ಅಂದುಕೊಂಡೆ. "ಮುನಿಸಲ್ಲ ಕಣವ್ವ, ಬೆನ್ನು ಕೊಟ್ಟವ್ನೆ" ಅಂದರು.

ಹೋದ ತಿಂಗಳು ತುಮಕೂರು ಕಡೆಯಿಂದ ಇಬ್ಬರು ಬಂದರು, ರಿಟೈರ್ ಆದ ಗಂಡ ಹೆಂಡತಿ. ತೋಟದ ಮನೆ, ಹಿಂದಿನ ನಾಯಿ ತೀರಿಕೊಂಡು ವರ್ಷವಾಗಿತ್ತು. ಮುದ್ದೆಯನ್ನು ನೋಡಲು ಮೂರು ಸಲ ಬಂದರು, ಮೂರು ಸಲವೂ ಸುಮ್ಮನೆ ಕೂತು ಹೋದರು. ಇದಕ್ಕೆ ಹಿಂದೆ ಮನೆ ಆಗಿತ್ತಾ ಅಂತ ಯಜಮಾನರು ಕೇಳಿದಾಗ ಅಕ್ಕ ನನ್ನ ಕಡೆ ಕೈ ತೋರಿಸಿದರು. "ಇವ್ರ ಮನೇಲಿ ಇದ್ದ." ಎಲ್ಲ ಹೇಳಿದೆ, ಅಮ್ಮನ ಕೈ ಸಮೇತ. ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬರೆದುಕೊಡಮ್ಮ, ನನಗೆ ನೆನಪು ಕಡಿಮೆ" ಅಂದರು.

ಒಂದು ಹಾಳೆ ತುಂಬ ಬರೆದೆ. ಪೊರಕೆ, ಉದ್ದ ಕೋಲು ಕೈಲಿದ್ದರೆ ಹತ್ತಿರ ಹೋಗಬೇಡಿ. ಉಣ್ಣುವಾಗ ತಟ್ಟೆ ಮುಟ್ಟಬೇಡಿ. ಗುರ್ ಅಂದರೆ ಬೈಯದೆ ಹಿಂದೆ ಸರಿಯಿರಿ. ಟೇಬಲ್ಲು, ಮಂಚದ ಕೆಳಗಿದ್ದಾಗ ಕೈ ಹಾಕಬೇಡಿ. ಒಂಟಿ ಬಿಡುವ ಮೊದಲು ಅಭ್ಯಾಸ ಮಾಡಿಸಿ. ಹೆಲ್ಮೆಟ್ ಹಾಕಿದವರು ಬಂದರೆ ಮೊದಲು ತೆಗೆಯಲು ಹೇಳಿ. ಯಜಮಾನರು ಕನ್ನಡಕ ಹಾಕಿಕೊಂಡು ನಿಧಾನ ಓದಿದರು, ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು.

"ಅವನಿಗೆ ಏನೇನು ಭಯ ಅಂತ ಬರೆದಿದ್ದೀಯ. ಏನಿಷ್ಟ ಅಂತ ಬರೆದೇ ಇಲ್ವಲ್ಲಮ್ಮ?"

ಪೆನ್ನು ಕೈಯಲ್ಲೇ ಇತ್ತು. ನನ್ನ ಮನೆಯಲ್ಲಿದ್ದ 11 ದಿನದಲ್ಲಿ ನೋಡಿದ್ದು ಒಂದೂ ನೆನಪಾಗಲಿಲ್ಲ. ಭಾನುವಾರಗಳು ನೆನಪಾದವು. ಹಾಳೆಯ ಹಿಂದೆ ಬರೆದೆ: ಬೇಯಿಸಿದ ಗೆಣಸು ಇಷ್ಟ. ಬಿಸಿಲು ಬಿದ್ದ ಕಲ್ಲಿನ ಮೇಲೆ ಮಲಗೋದು ಇಷ್ಟ. ಬೆನ್ನು ಹಾಕಿ ಕೂತಾಗ ಬಾಲದ ಬುಡದಲ್ಲಿ ಕೆರೆದರೆ ಹಿಂದಿನ ಎಡಗಾಲು ತಾನಾಗಿ ಆಡುತ್ತೆ.